ಬೆರಳು ಮಡಚಿ ಎಣಿಸುವ ಮಗುವನ್ನು ತಡೆಯಬೇಡಿ

ಮೊನ್ನೆ ಅಣ್ಣನ ಮಗಳ ಪಕ್ಕ ಕೂತು ಹೋಮ್‌ವರ್ಕ್ ಮಾಡಿಸುತ್ತಿದ್ದೆ. ಎರಡನೇ ಕ್ಲಾಸು. ‘ಮೂವತ್ತೆರಡರಲ್ಲಿ ಏಳು ಹೋದರೆ ಎಷ್ಟು?’ ಅಂದೆ. ಅವಳು ಪುಸ್ತಕವನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಎದುರಿನ ಖಾಲಿ ಗೋಡೆಯ ಮೇಲೆ ಏನೋ ಬರೆದಿದೆ ಅನ್ನುವ ಹಾಗೆ ಕಣ್ಣು ಮೇಲಕ್ಕೆ ಹೋಯಿತು. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಎಡಕ್ಕೆ ಜರುಗಿತು. ಮೇಜಿನ ಕೆಳಗೆ ಬಲಗೈ ಬೆರಳುಗಳು ಒಂದೊಂದಾಗಿ ತೊಡೆಯನ್ನು ಒತ್ತುತ್ತಿದ್ದವು. ಐದೂ ಮುಗಿದ ಮೇಲೆ ಮತ್ತೆ ಹೆಬ್ಬೆರಳು, ತೋರುಬೆರಳು. ‘ಇಪ್ಪತ್ತೈದು’ ಅಂದಳು. ಸರಿಯಾಗಿತ್ತು. ನಾನು ಶಭಾಷ್ ಅನ್ನುವ ಮೊದಲೇ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ‘ಬೆರಳಲ್ಲಿ ಎಣಿಸಬಾರದಂತೆ. ಮನಸ್ಸಲ್ಲೇ ಮಾಡಬೇಕಂತೆ’ ಅಂದಳು.

ಆ ಮಾತು ನನಗೆ ಹೊಸದಲ್ಲ. ಅವಳ ವಯಸ್ಸಿನಲ್ಲಿ ನನ್ನ ಬೆರಳ ಗೆಣ್ಣಿನ ಮೇಲೂ ಮರದ ಸ್ಕೇಲು ಬಿದ್ದಿದೆ, ಇದೇ ತಪ್ಪಿಗೆ. ಆಮೇಲೆ ಎಷ್ಟೋ ವರ್ಷ ಲೆಕ್ಕ ಅಂದರೆ ಕೈ ಬೆವರುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಕ್ಕಳಿಗೆ ‘ಸುಮ್ನೆ ಕೂತು ಯೋಚಿಸು’ ಅನ್ನುತ್ತೇವಲ್ಲ, ಆ ಮಾತೇ ತಪ್ಪು ಅಂತ ನನಗೆ ಅನ್ನಿಸುತ್ತದೆ. ಯೋಚಿಸುವಾಗ ಕಣ್ಣೂ ಕೈಯೂ ಕೆಲಸ ಮಾಡುತ್ತಿರುತ್ತವೆ.

ಮೊದಲು ಕಣ್ಣಿನ ವಿಷಯ. 2010ರಲ್ಲಿ ಟೋಬಿಯಾಸ್ ಲೋಚರ್ ಮತ್ತು ಜೊತೆಗಾರರು ಒಂದು ಸರಳ ಪ್ರಯೋಗ ಮಾಡಿದರು. 12 ಜನರನ್ನು ಕೂರಿಸಿ, 1ರಿಂದ 30ರ ಒಳಗೆ ಮನಸ್ಸಿಗೆ ಬಂದ 40 ಸಂಖ್ಯೆಗಳನ್ನು ಒಂದಾದ ಮೇಲೊಂದು ಹೇಳಲು ಕೇಳಿದರು. ಅವರ ಕಣ್ಣು ಎತ್ತ ಸರಿಯುತ್ತದೆ ಅಂತ ಅಳೆದರು. ಹಿಂದಿನದಕ್ಕಿಂತ ಚಿಕ್ಕ ಸಂಖ್ಯೆ ಬಾಯಿಗೆ ಬರುವ ಮೊದಲೇ ಕಣ್ಣು ಎಡಕ್ಕೆ, ಕೆಳಕ್ಕೆ ಸರಿದಿರುತ್ತಿತ್ತು. ದೊಡ್ಡ ಸಂಖ್ಯೆಯಾದರೆ ಬಲಕ್ಕೆ, ಮೇಲಕ್ಕೆ. ಕಣ್ಣು ಎಷ್ಟು ದೂರ ಸರಿಯಿತು ಅನ್ನುವುದರಿಂದ ಮುಂದಿನ ಸಂಖ್ಯೆ ಎಷ್ಟು ಚಿಕ್ಕದು ಅಥವಾ ಎಷ್ಟು ದೊಡ್ಡದು ಅಂತಲೂ ಅಂದಾಜು ಸಿಗುತ್ತಿತ್ತು. ಬಾಯಿ ಇನ್ನೂ ತೆರೆದಿಲ್ಲ, ಸಂಖ್ಯೆ ಆಗಲೇ ಕಣ್ಣಿಗೆ ಬಂದಿದೆ! ಇದನ್ನು ಮೊದಲ ಸಲ ಓದಿದ ದಿನ ನಾನು ಕನ್ನಡಿ ಮುಂದೆ ನಿಂತು ಸಂಖ್ಯೆಗಳನ್ನು ಹೇಳಿಕೊಂಡಿದ್ದೆ. ಅದರಿಂದ ಏನೂ ಗೊತ್ತಾಗಲಿಲ್ಲ. ನೋಡಿಕೊಳ್ಳುತ್ತಿದ್ದೇನೆ ಅಂತ ಗೊತ್ತಿರುವ ಕಣ್ಣು ಅಲುಗಾಡದೆ ನಿಂತುಬಿಡುತ್ತದೆ.

ಇದಕ್ಕೂ ಮುಂಚೆ, 1993ರಲ್ಲಿ, ಫ್ರಾನ್ಸಿನ ಸ್ಟಾನಿಸ್ಲಾಸ್ ದೆಹೆನ್ ತಂಡ ಇನ್ನೊಂದನ್ನು ತೋರಿಸಿತ್ತು. ಪರದೆ ಮೇಲೆ ಒಂದು ಅಂಕಿ ಬರುತ್ತದೆ. ಅದು ಸಮವೋ ಬೆಸವೋ ಅಂತ ಬಟನ್ ಒತ್ತಿ ಹೇಳಬೇಕು. ಅಂಕಿ ದೊಡ್ಡದೋ ಚಿಕ್ಕದೋ ಅಂತ ಯಾರೂ ಕೇಳಿಲ್ಲ. ಆದರೂ ಚಿಕ್ಕ ಅಂಕಿಗೆ ಎಡಗಡೆ ಬಟನ್ ಬೇಗ ಒತ್ತಿಹೋಗುತ್ತಿತ್ತು, ದೊಡ್ಡ ಅಂಕಿಗೆ ಬಲಗಡೆಯದು. ಕೈಗಳನ್ನು ಅಡ್ಡಡ್ಡ ಇಟ್ಟು ಬಲಗೈಯಿಂದ ಎಡ ಬಟನ್ ಒತ್ತಿಸಿದರೂ ಅಷ್ಟೇ. ಯಾವ ಕೈ ಅನ್ನುವುದಕ್ಕಿಂತ ಯಾವ ಕಡೆ ಅನ್ನುವುದೇ ಮುಖ್ಯವಾಗಿತ್ತು. ಇನ್ನೊಂದು ಸ್ವಾರಸ್ಯ ಕೇಳಿ. 0ರಿಂದ 5ರವರೆಗಿನ ಅಂಕಿಗಳಷ್ಟೇ ಬರುತ್ತಿದ್ದಾಗ 5 ಬಲಗಡೆಯದು. 4ರಿಂದ 9ರವರೆಗೆ ಬರುತ್ತಿದ್ದಾಗ ಅದೇ 5 ಎಡಗಡೆಯದು. ಅಂದರೆ ಮನಸ್ಸು ಆಗಿನ ಕೆಲಸಕ್ಕೆ ಬೇಕಾದ ಹಾಗೆ ಒಂದು ಗೆರೆ ಎಳೆದುಕೊಳ್ಳುತ್ತದೆ.

ಈ ಗೆರೆ ಬರೀ ಉಪಮೆ ಇರಬಹುದು ಅಂತ ನಿಮಗೆ ಅನ್ನಿಸಿದರೆ, 2002ರಲ್ಲಿ ಇಟಲಿಯ ಮಾರ್ಕೊ ಜೋರ್ಜಿ ಮತ್ತು ಜೊತೆಗಾರರು ಕಂಡದ್ದನ್ನು ಕೇಳಬೇಕು. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ತಮ್ಮ ಎಡಗಡೆ ಏನಿದೆ ಅನ್ನುವುದರ ಕಡೆ ಗಮನವೇ ಹೋಗುವುದಿಲ್ಲ. ಒಂದು ಗೆರೆಯ ಮಧ್ಯ ಗುರುತಿಸು ಅಂದರೆ ಬಲಕ್ಕೆ ಸರಿದು ಗುರುತು ಹಾಕುತ್ತಾರೆ. ಇಂಥವರನ್ನು ಬಾಯಿಮಾತಿನಲ್ಲೇ ಕೇಳಿದರು: 2 ಮತ್ತು 6ರ ನಡುವೆ ಬರುವುದು ಯಾವುದು? 5 ಅನ್ನುವಂಥ ಉತ್ತರ ಬಂತು. ಅವರಿಗೆ ಲೆಕ್ಕ ಬರುತ್ತಿತ್ತು. ಎದುರಿಗೆ ಕಾಗದವಿಲ್ಲ, ಗೆರೆಯಿಲ್ಲ, ಬರೀ ಎರಡು ಅಂಕಿಗಳ ಹೆಸರು. ಆದರೂ ಮನಸ್ಸಿನೊಳಗಿನ ಗೆರೆಯ ಎಡಭಾಗ ಕೈಬಿಟ್ಟುಹೋಗಿತ್ತು. ನನ್ನನ್ನು ಇಷ್ಟು ಅಲುಗಾಡಿಸಿದ ಪ್ರಯೋಗ ಇನ್ನೊಂದಿಲ್ಲ.

2009ರಲ್ಲಿ ಆಂದ್ರೆ ಕ್ನಾಪ್ಸ್ ಮತ್ತು ದೆಹೆನ್ ತಂಡ ಕಣ್ಣು ಎಡಕ್ಕೆ ಬಲಕ್ಕೆ ಹೊರಳುವಾಗ ಮೆದುಳಿನಲ್ಲಿ ಆಗುವ ಚಟುವಟಿಕೆಯನ್ನು ಗುರುತಿಸಲು ಒಂದು ಕಂಪ್ಯೂಟರ್ ಪ್ರೋಗ್ರಾಂಗೆ ಕಲಿಸಿತು. ಆಮೇಲೆ ಅದೇ ಜನ ಕೂಡುವ, ಕಳೆಯುವ ಲೆಕ್ಕ ಮಾಡುವಾಗಿನ ಚಿತ್ರಗಳನ್ನು ಅದರ ಮುಂದಿಟ್ಟಿತು. ಲೆಕ್ಕದ ಬಗ್ಗೆ ಏನೂ ಕಲಿಯದ ಆ ಪ್ರೋಗ್ರಾಂ ಕೂಡುವುದನ್ನು ಬಲಕ್ಕೂ ಕಳೆಯುವುದನ್ನು ಎಡಕ್ಕೂ ಹಾಕಿತು. ಪ್ರತಿ ಸಲವೂ ಸರಿಯಾಗಲಿಲ್ಲ, ಆದರೆ ಸುಮ್ಮನೆ ಊಹಿಸಿದರೆ ಸಿಗುವುದಕ್ಕಿಂತ ಜಾಸ್ತಿ ಸಲ ಸರಿಯಾಯಿತು. ಕಳೆಯುವಾಗ ಎಡಕ್ಕೆ ಜರುಗಿದ ಆ ಪುಟ್ಟ ಕಣ್ಣುಗಳು ನನಗೆ ನೆನಪಾಗದೆ ಇರುತ್ತವೆಯೇ? ಒಂದು ಮಗುವಿನ ಒಂದು ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೂ.

ಇನ್ನು ಬೆರಳು. ಜೋಸೆಫ್ ಗೆರ್ಸ್ಟ್‌ಮನ್ ಅನ್ನುವ ವಿಯೆನ್ನಾದ ವೈದ್ಯರು 1924ರಲ್ಲಿ ತನ್ನ ಬೆರಳು ಯಾವುದು ಅಂತಲೇ ಗುರುತಿಸಲಾಗದ ಒಬ್ಬ ರೋಗಿಯ ಬಗ್ಗೆ ಬರೆದರು. ಮುಂದೆ ಅವರ ಹೆಸರಿನಲ್ಲೇ ಗುರುತಿಸಿದ ಆ ಕಾಯಿಲೆಯಲ್ಲಿ ನಾಲ್ಕು ತೊಂದರೆಗಳನ್ನು ಒಟ್ಟಿಗೆ ಸೇರಿಸಿದ್ದಾರೆ: ಬೆರಳು ತಿಳಿಯದು, ಎಡಬಲ ತಿಳಿಯದು, ಬರೆಯಲಾಗದು, ಲೆಕ್ಕ ಬಾರದು. ಬೆರಳೂ ಎಡಬಲವೂ ಲೆಕ್ಕವೂ ಮೆದುಳಿನಲ್ಲಿ ಅಕ್ಕಪಕ್ಕದ ಮನೆಯವರು ಅಂತಾಯಿತಲ್ಲ. ಇತ್ತೀಚೆಗೆ, 2015ರಲ್ಲಿ, ಇಲಾರಿಯಾ ಬೆರ್ಟೆಲೆಟ್ಟಿ ಮತ್ತು ಜೇಮ್ಸ್ ಬೂತ್ 8ರಿಂದ 13 ವರ್ಷದ ಮಕ್ಕಳನ್ನು ನೋಡಿದರು. ಅವರು ಬೆರಳು ಅಲುಗಾಡಿಸದೆ ಕಳೆಯುವ ಲೆಕ್ಕ ಮಾಡುವಾಗಲೂ, ಬೆರಳಿನ ಸ್ಪರ್ಶವನ್ನು ಗ್ರಹಿಸುವ ಮೆದುಳಿನ ಭಾಗ ಎಚ್ಚರವಾಗಿತ್ತು. ಕೈ ಕಟ್ಟಿ ಕೂರಿಸಿದರೂ ಮಗು ಒಳಗೇ ಬೆರಳು ಮಡಚುತ್ತಿರುತ್ತದೆ. ಹಾಗಾದರೆ ಸ್ಕೇಲಿನಿಂದ ಹೊಡೆದು ನಾವು ತಡೆದದ್ದಾದರೂ ಏನನ್ನು?

‘ಏಳು ಮನಸ್ಸಲ್ಲಿ, ಮೂರು ಕೈಯಲ್ಲಿ’ ಅಂತ ನಮಗೆ ಕೂಡುವುದನ್ನು ಹೇಳಿಕೊಟ್ಟರಲ್ಲ, ಎಷ್ಟು ಸರಿಯಾದ ಮಾತು ಅದು. ಮನಸ್ಸಿಗೂ ಕೈಗೂ ಕೆಲಸ ಹಂಚಿಕೊಟ್ಟಿದೆ. ಸ್ವಲ್ಪ ಜನ ಅನ್ನಲು ‘ಬೆರಳೆಣಿಕೆಯಷ್ಟು ಜನ’ ಅನ್ನುತ್ತೇವೆ. ಭಾಷೆಗೆ ಇದೆಲ್ಲ ಮೊದಲೇ ಗೊತ್ತಿದೆ.

ಕಾಲದ ವಿಷಯದಲ್ಲಂತೂ ನಮ್ಮ ಭಾಷೆ ಇನ್ನೂ ಚೆಂದ. ‘ಮುಂದಿನ ವಾರ’ ಇನ್ನೂ ಬಂದಿಲ್ಲ, ‘ಹಿಂದಿನ ವಾರ’ ಮುಗಿದಿದೆ. ನಾವು ನಡೆಯುತ್ತಿದ್ದೇವೆ, ಬರುವುದು ಎದುರಿಗಿದೆ, ಹೋದದ್ದು ಬೆನ್ನಿಗಿದೆ. ಸರಿ. ಆದರೆ ‘ಮುಂಚೆ’, ‘ಮುನ್ನ’ ಅನ್ನುವುದೂ ಅದೇ ‘ಮುನ್’ನಿಂದಲೇ ಬಂದದ್ದು, ಅವಕ್ಕೆ ಮೊದಲು ಅನ್ನುವ ಅರ್ಥ! ‘ಆ ಸುದ್ದಿಯ ಬೆನ್ನಲ್ಲೇ ಇನ್ನೊಂದು ಸುದ್ದಿ ಬಂತು’ ಅಂದರೆ ಆಮೇಲೆ ಬಂತು ಅಂತ. ಈಗ ಬೆನ್ನ ಕಡೆ ಇರುವುದೇ ತಡವಾಗಿ ಬರುವಂಥದ್ದು. ಇಲ್ಲಿ ನಡೆಯುತ್ತಿರುವವರು ನಾವಲ್ಲ. ಘಟನೆಗಳೇ ಸಾಲಾಗಿ ನಡೆದು ಬರುತ್ತಿವೆ, ಮುಂದಿರುವುದು ಮೊದಲು ತಲುಪುತ್ತದೆ. ಎರಡು ಚಿತ್ರಗಳನ್ನೂ ದಿನಕ್ಕೆ ನೂರು ಸಲ ಬಳಸುತ್ತೇವೆ, ಒಮ್ಮೆಯೂ ಎಡವುವುದಿಲ್ಲ. ಸಾಲದು ಅಂತ ‘ಹತ್ತು ವರ್ಷದ ಕೆಳಗೆ’, ‘ಇನ್ನು ಮೇಲೆ’ ಅಂತ ಕಾಲವನ್ನು ಮೆಟ್ಟಿಲು ಹತ್ತಿಸುತ್ತೇವೆ.

ಇಂಗ್ಲಿಷಿನಲ್ಲಿ ಈ ಎರಡು ಚಿತ್ರಗಳು ಒಂದೇ ವಾಕ್ಯದಲ್ಲಿ ಸಿಕ್ಕಿಕೊಳ್ಳುತ್ತವೆ. ಬುಧವಾರದ ಮೀಟಿಂಗನ್ನು ಎರಡು ದಿನ ‘ಫಾರ್ವರ್ಡ್’ ಮಾಡಿದ್ದಾರೆ ಅಂದರೆ ಕೆಲವರಿಗೆ ಸೋಮವಾರ, ಕೆಲವರಿಗೆ ಶುಕ್ರವಾರ. ಲೆರಾ ಬೊರೊಡಿಟ್ಸ್‌ಕಿ ಮತ್ತು ಮೈಕೆಲ್ ರಾಮ್ಸ್‌ಕಾರ್ 2002ರಲ್ಲಿ ಈ ಪ್ರಶ್ನೆಯನ್ನು ಏರ್‌ಪೋರ್ಟಿನಲ್ಲೂ ಕೇಳಿದರು. ಆಗಷ್ಟೇ ವಿಮಾನ ಇಳಿದು ಬಂದವರು, ಯಾರನ್ನೋ ಕಾಯುತ್ತ ನಿಂತವರಿಗಿಂತ ಜಾಸ್ತಿ ಶುಕ್ರವಾರ ಅಂದರು. ದೇಹ ಮುಂದಕ್ಕೆ ಸಾಗಿ ಬಂದಿದೆ, ಮನಸ್ಸೂ ವಾರದೊಳಗೆ ಮುಂದಕ್ಕೆ ಸಾಗಿದೆ.

ಎಲ್ಲರ ಮೈಯಲ್ಲೂ ಕಾಲ ಒಂದೇ ದಿಕ್ಕಿಗೆ ಹರಿಯುತ್ತದೆಯೇ ಅಂದರೆ, ಇಲ್ಲ. ಆಂಡಿಸ್ ಪರ್ವತದ ಐಮಾರ ಭಾಷೆಯಲ್ಲಿ ‘ನಯ್ರ’ ಅಂದರೆ ಕಣ್ಣು, ಎದುರು, ಜೊತೆಗೆ ಕಳೆದ ಕಾಲ. ಹಿರಿಯರು ಹಳೆಯ ದಿನಗಳ ಬಗ್ಗೆ ಹೇಳುವಾಗ ಕೈಯನ್ನು ಎದುರಿಗೆ ಚಾಚುತ್ತಾರೆ, ನಾಳೆಯನ್ನು ಹೇಳುವಾಗ ಹೆಗಲ ಹಿಂದಕ್ಕೆ ತೋರಿಸುತ್ತಾರೆ. ಕಂಡದ್ದು ಕಣ್ಣ ಮುಂದೆ, ಕಾಣದ್ದು ಬೆನ್ನ ಹಿಂದೆ. ಆಸ್ಟ್ರೇಲಿಯಾದ ಪೋರ್ಂಪುರಾವ್‌ನಲ್ಲಿ ಕೂಕ್ ಥಾಯೋರೆ ಭಾಷೆಯವರಿಗೆ ಒಬ್ಬ ಮನುಷ್ಯ ಮುದುಕನಾಗುವ ಚಿತ್ರಗಳಂಥವನ್ನು ಕೊಟ್ಟು ಜೋಡಿಸಲು ಹೇಳಿದಾಗ ಅವರು ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕೆ ಜೋಡಿಸಿದರು. ದಕ್ಷಿಣಕ್ಕೆ ಮುಖ ಮಾಡಿ ಕೂತರೆ ಅದು ಎಡದಿಂದ ಬಲಕ್ಕೆ, ಉತ್ತರಕ್ಕೆ ಕೂತರೆ ಬಲದಿಂದ ಎಡಕ್ಕೆ.

ಹಾಗಾಗಿ ‘ಚಿಕ್ಕದು ಎಡಕ್ಕೆ’ ಅನ್ನುವುದನ್ನು ಹುಟ್ಟುಗುಣ ಅಂತ ಹಿಡಿದು ಕೂರಬಾರದು. ಮೂರು ದಿನದ ಕೋಳಿಮರಿಗಳೂ ಕಡಿಮೆ ಚುಕ್ಕೆ ಕಂಡರೆ ಎಡಕ್ಕೆ ಹೋಗುತ್ತವೆ ಅಂತ 2015ರಲ್ಲಿ ರೋಸಾ ರುಗಾನಿ ತಂಡ ತೋರಿಸಿದ್ದು ನಿಜ. ಆದರೆ ಬೊಲಿವಿಯಾದ ತ್ಸಿಮಾನೆ ಜನರಲ್ಲಿ ಇಂಥ ಒಂದೇ ದಿಕ್ಕು ಕಾಣಲಿಲ್ಲ. ನನ್ನನ್ನು ಒಪ್ಪಿಸಿದ್ದು 1998ರ ಇನ್ನೊಂದು ಪ್ರಯೋಗ. ಸಂಖ್ಯೆಗಳನ್ನು ಸ್ಕೇಲಿನ ಮೇಲೆ ಊಹಿಸಿಕೊಳ್ಳಿ ಅಂದಾಗ ಚಿಕ್ಕವಕ್ಕೆ ಎಡಗೈ ಬೇಗ ಉತ್ತರಿಸಿತು. ಗಡಿಯಾರದ ಮುಖದ ಮೇಲೆ ಅಂದಾಗ ಅದು ತಿರುಗಾ ಮುರುಗಾ ಆಯಿತು, ಯಾಕೆಂದರೆ ಗಡಿಯಾರದಲ್ಲಿ 1, 2, 3 ಇರುವುದು ಬಲಗಡೆ ಅಲ್ವಾ?

ಕಣ್ಣು ಇಂಥ ಕಡೆ ಹೋದರೆ ಸುಳ್ಳು ಹೇಳುತ್ತಿದ್ದಾರೆ ಅಂತ ಹೇಳಿಕೊಡುವವರನ್ನು ಮಾತ್ರ ದಯವಿಟ್ಟು ನಂಬಬೇಡಿ. ರಿಚರ್ಡ್ ವೈಸ್‌ಮನ್ ಮತ್ತು ಜೊತೆಗಾರರು 2012ರಲ್ಲಿ ಅದನ್ನು ಪರೀಕ್ಷಿಸಿ ನೋಡಿದರು, ಹುರುಳಿರಲಿಲ್ಲ.

ಮಗುವಿಗೆ ಗೆರೆ ಕೊಡಿ, ಬೆರಳು ಕೊಡಿ, ಓಡಾಡಲು ಜಾಗ ಕೊಡಿ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಬಡ ಮನೆಯ ಪುಟಾಣಿಗಳಿಗೆ 1ರಿಂದ 10ರವರೆಗೆ ಸಾಲಾಗಿ ಮನೆಗಳಿರುವ ಒಂದು ಆಟ ಆಡಿಸಿದರು. ನಾಲ್ಕು ಸಲ, ಸಲಕ್ಕೆ ಹದಿನೈದು ನಿಮಿಷ. ಅಷ್ಟಕ್ಕೇ ಸಂಖ್ಯೆಯ ಅಂದಾಜು ಸುಧಾರಿಸಿತು. ಬರೀ ಬಣ್ಣದ ಮನೆಗಳಲ್ಲಿ ಆಡಿದ ಮಕ್ಕಳಲ್ಲಿ ಹಾಗಾಗಲಿಲ್ಲ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಸೊನ್ನೆಯಿಂದ ನಲವತ್ತರವರೆಗೆ ಗೆರೆ ಎಳೆದುಕೊಟ್ಟೆ. ಅವಳು ಮೂವತ್ತೆರಡರ ಮೇಲೆ ನಿಂತಳು. ಒಂದೊಂದೇ ಹೆಜ್ಜೆ ಹಿಂದೆ ಸರಿದು ಮೂವತ್ತಕ್ಕೆ ಬಂದು ನಿಂತು, ಬೆರಳು ನೋಡಿಕೊಂಡಳು. ‘ಇನ್ನು ಐದು ಇದೆ’ ಅಂದವಳೇ ಒಂದೇ ನೆಗೆತಕ್ಕೆ ಇಪ್ಪತ್ತೈದರ ಮೇಲೆ ಇಳಿದಳು. ಎರಡು ಕೈಯೂ ಗಾಳಿಯಲ್ಲಿತ್ತು, ಹತ್ತೂ ಬೆರಳು ಬಿಚ್ಚಿಕೊಂಡು.