ಚಿಕ್ಕಮ್ಮನಿಗೆ ಇಮ್ಯೂನಿಟಿ ಕಮ್ಮಿ ಇರಲಿಲ್ಲ

ಎರಡು ವರ್ಷದ ಹಿಂದೆ ನಮ್ಮ ಚಿಕ್ಕಮ್ಮನಿಗೆ ಬಾಯಿ ಕ್ಯಾನ್ಸರ್ ಅಂತ ಗೊತ್ತಾಯಿತು. ಮೂಡಿಗೆರೆಯ ಮನೆಗೆ ನೋಡೋಕೆ ಬಂದವರಲ್ಲಿ ಅರ್ಧ ಜನ ಒಂದೇ ಮಾತು ಹೇಳಿದರು. "ಇಮ್ಯೂನಿಟಿ ಕಮ್ಮಿ ಆಗಿದೆ ಕಣಮ್ಮ, ಅದಕ್ಕೇ ಬಂದಿರೋದು." ಒಬ್ಬರು ಅಮೃತಬಳ್ಳಿ ಕಷಾಯ ತಂದರು. ಇನ್ನೊಬ್ಬರು ಯಾವುದೋ ಪುಡಿಯ ಡಬ್ಬಿ ತಂದರು. ಮತ್ತೊಬ್ಬರು ಕಾಫಿ ಕುಡಿದು ಲೋಟ ಕೆಳಗಿಡುತ್ತಾ, "ನೀನು ಮೊದಲಿಂದಲೂ ಹೊತ್ತಿಗೆ ಸರಿಯಾಗಿ ಊಟ ಮಾಡಿದವಳಲ್ಲ ಬಿಡು" ಅಂದರು.

ಹೊಗೆಸೊಪ್ಪಿನ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಎತ್ತಬೇಕಾದವರ ಬಾಯಲ್ಲೂ ಎಲೆ ಅಡಿಕೆ ಜೊತೆ ಅದೇ ಇತ್ತು.

ಅವತ್ತು ರಾತ್ರಿ ಚಿಕ್ಕಮ್ಮ ಕೇಳಿದಳು, "ಹೌದೇನೋ, ನನ್ನ ಮೈಯಲ್ಲಿ ಶಕ್ತೀನೇ ಇಲ್ವಾ?" ಐವತ್ತೆಂಟು ವರ್ಷ. ಸೋನೆ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ತೋಟ ಸುತ್ತಿದ ಹೆಂಗಸು. ಜ್ವರ ಅಂತ ಮಲಗಿದ್ದನ್ನು ನಾನು ನೋಡಿದ್ದೇ ಕಡಿಮೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿದ್ದನ್ನು, ಡಾಕ್ಟರ ತಲೆ ತಿಂದು ಕೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಫಿ ತೋಟದವರಿಗೆ ಇದನ್ನು ಹೇಳೋದು ಸುಲಭ. ಕಾಂಡಕೊರಕ ಹೊರಗಿಂದ ಬರುವ ಹುಳ. ಅದು ಶತ್ರು ಅಂತ ಯಾರಿಗೂ ಅನುಮಾನವಿಲ್ಲ. ಕಂಬಚಿಗುರು, ಅಂದರೆ ಗಿಡದ ಕಾಂಡದಿಂದಲೇ ನೆಟ್ಟಗೆ ಏಳುವ ಚಿಗುರು, ಹಾಗಲ್ಲ. ಅದೇ ಬೇರು, ಅದೇ ರಸ, ಅದೇ ಎಲೆ. ಫಸಲು ಕೊಡುವುದಿಲ್ಲ, ಗಿಡದ ಸತ್ವ ಮಾತ್ರ ಎಳೆಯುತ್ತದೆ. ಗೊತ್ತಿಲ್ಲದ ಆಳನ್ನು ಕೆಲಸಕ್ಕೆ ಬಿಟ್ಟರೆ ಕಾಯಿ ಕಚ್ಚುವ ಕೊಂಬೆ ಕಿತ್ತು ಕಂಬಚಿಗುರನ್ನು ಉಳಿಸಿ ಬರುತ್ತಾನೆ. ಕ್ಯಾನ್ಸರ್ ಕೋಶ ಅಂದರೆ ಈ ಕಂಬಚಿಗುರು. ನಮ್ಮದೇ ಮೈಯ ಕೋಶ, ದಾರಿ ತಪ್ಪಿದ್ದು.

ನಮ್ಮ ದೇಹ ತನ್ನದನ್ನು ತಾನು ಹೊಡೆಯಬಾರದು ಅಂತ ಬಹಳ ಕಷ್ಟಪಟ್ಟು ಕಲಿತಿದೆ. ಎದೆಮೂಳೆಯ ಹಿಂದೆ ಥೈಮಸ್ ಅನ್ನೋ ಗ್ರಂಥಿ ಇದೆ. ಮೈ ಕಾಯುವ ಟಿ ಕೋಶ ಅನ್ನೋ ಬಿಳಿ ರಕ್ತಕಣಗಳು ಅಲ್ಲೇ ಪಳಗುತ್ತವೆ. ಸ್ವಂತ ಮೈಯನ್ನೇ ಕಚ್ಚುವ ಗುಣ ಜೋರಾಗಿದ್ದರೆ ಅವು ಅಲ್ಲೇ ಸಾಯುತ್ತವೆ. ಆದರೂ ಕೆಲವು ತಪ್ಪಿಸಿಕೊಳ್ಳುತ್ತವೆ. ಅವನ್ನು ತಡೆದು ನಿಲ್ಲಿಸಲು ಬೇರೆ ಟಿ ಕೋಶಗಳಿವೆ ಅಂತ ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ತೋರಿಸಿದರು. 2025ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಇವು ಇಲ್ಲದಿದ್ದರೆ ನಮ್ಮ ಕೀಲು, ಕರುಳು, ಥೈರಾಯ್ಡ್ ಎಲ್ಲವನ್ನೂ ನಮ್ಮ ಕಾವಲೇ ತಿಂದು ಹಾಕುತ್ತದೆ. ಎಷ್ಟೋ ಗಡ್ಡೆಗಳು ಇದೇ ಸಮಾಧಾನದ ಕೋಶಗಳನ್ನು ತಮ್ಮ ಸುತ್ತ ಕರೆಸಿಕೊಂಡು ಕೂರುತ್ತವೆ.

ಇನ್ನೊಂದು ಉಪಾಯ ಇನ್ನೂ ಜಾಣತನದ್ದು. ಟಿ ಕೋಶದ ಮೈಮೇಲೆ ಪಿಡಿ-1 ಅನ್ನೋ ಬ್ರೇಕ್ ಇದೆ. ಕ್ಯೋಟೋದ ತಸುಕು ಹೊಂಜೊ ಅವರ ತಂಡ 1992ರಲ್ಲಿ ಅದನ್ನು ಪತ್ತೆ ಮಾಡಿತು. ಕಾಳಗ ಅತಿಯಾದಾಗ ಮಾಮೂಲಿ ಕೋಶಗಳು ಆ ಬ್ರೇಕ್ ಒತ್ತಿ "ಸಾಕು" ಅನ್ನುತ್ತವೆ. ಕ್ಯಾನ್ಸರ್ ಕೋಶವೂ ಅದನ್ನೇ ಒತ್ತುತ್ತದೆ. ಕಾವಲಿನವನು ಪಕ್ಕದಲ್ಲೇ ಇರುತ್ತಾನೆ, ಕೈ ಎತ್ತುವುದಿಲ್ಲ.

ಇದು ಒಂದೇ ದಿನ ಆಗುವ ಕೆಲಸವಲ್ಲ. ಗದ್ದೆಯಲ್ಲಿ ಕಳೆ ಕೀಳುವಾಗ ಎದ್ದು ಕಾಣುವ ಕಳೆ ಮೊದಲು ಹೋಗುತ್ತದೆ. ಭತ್ತದ ಹಾಗೇ ಕಾಣುವುದು ಉಳಿದು ಬೀಜ ಉದುರಿಸುತ್ತದೆ. ಕಾವಲು ಚುರುಕಾಗಿದ್ದಷ್ಟೂ ಕಣ್ಣಿಗೆ ಬೀಳುವ ಕ್ಯಾನ್ಸರ್ ಕೋಶಗಳು ಸಾಯುತ್ತವೆ, ಕಣ್ಣು ತಪ್ಪಿಸುವಂಥವೇ ಉಳಿಯುತ್ತವೆ. ಅಂದರೆ ಚಿಕ್ಕಮ್ಮನ ಮೈ ವರ್ಷಗಟ್ಟಲೆ ಹೋರಾಡಿರಬಹುದು, ನಮಗ್ಯಾರಿಗೂ ಗೊತ್ತಾಗದ ಹಾಗೆ.

ಇದಕ್ಕೆ ನನ್ನನ್ನು ಬೆಚ್ಚಿಬೀಳಿಸಿದ ಉದಾಹರಣೆ ಸ್ಕಾಟ್ಲೆಂಡಿನದು. ಒಬ್ಬರೇ ದಾನಿಯ ಎರಡು ಕಿಡ್ನಿ ಇಬ್ಬರಿಗೆ ಹಾಕಿದರು. ಇಬ್ಬರಿಗೂ ಮೆಲನೋಮಾ ಅನ್ನೋ ಕ್ಯಾನ್ಸರ್ ಬಂತು. ದಾನಿಗೆ 16 ವರ್ಷದ ಹಿಂದೆ ಅದೇ ಕ್ಯಾನ್ಸರ್ ಆಗಿ, ಚಿಕಿತ್ಸೆ ಮುಗಿದಿತ್ತು. 2003ರಲ್ಲಿ ಇದು ವರದಿಯಾಯಿತು. ಅಷ್ಟು ವರ್ಷ ಆ ಕೋಶಗಳು ಸತ್ತಿರಲಿಲ್ಲ, ಸುಮ್ನೆ ಕೂತಿದ್ದವು. ಕಸಿ ಮಾಡಿಸಿಕೊಂಡವರಿಗೆ ಹೊಸ ಕಿಡ್ನಿ ಉಳಿಯಲೆಂದು ಕಾವಲು ತಗ್ಗಿಸುವ ಔಷಧಿ ಕೊಡುತ್ತಾರಲ್ವಾ, ಆಗ ಎದ್ದವು. ಹಾಗಾಗಿ ಕಾವಲು ತಗ್ಗಿದರೆ ಕೆಲವು ಕ್ಯಾನ್ಸರ್ ಬರುವುದು ಹೆಚ್ಚು ಅನ್ನೋದು ಸುಳ್ಳಲ್ಲ. ಆದರೆ ಕ್ಯಾನ್ಸರ್ ಬಂದವರೆಲ್ಲ ಮೊದಲೇ ನಿತ್ರಾಣರಾಗಿದ್ದರು ಅಂತ ತೀರ್ಪು ಕೊಡುವುದು ತಪ್ಪು.

"ಇಮ್ಯೂನಿಟಿ ಬೂಸ್ಟರ್" ಅನ್ನೋ ಮಾತು ಕೇಳಿದರೆ ನನಗೆ ಈಗ ಮೈ ಉರಿಯುತ್ತದೆ. ಬ್ರೇಕ್ ಹಿಡಿದು ನಿಂತ ಜೀಪಿಗೆ ಇನ್ನೂ ಐದು ಲೀಟರ್ ಡೀಸೆಲ್ ಹಾಕಿ ಏನು ಪ್ರಯೋಜನ?

ಆಪರೇಷನ್, ರೇಡಿಯೇಷನ್ ಆದ ಮೇಲೂ ಚಿಕ್ಕಮ್ಮನ ಗಡ್ಡೆ ಮತ್ತೆ ಬಂತು. ಆಗ ಡಾಕ್ಟರು ಪಿಡಿ-1 ಬ್ರೇಕ್ ಬಿಡಿಸುವ ನಿವೊಲುಮಾಬ್ ಹೆಸರು ಹೇಳಿದರು. ಇಂಥ ಔಷಧಿಗೆ ದಾರಿ ಮಾಡಿದ್ದಕ್ಕೇ ಹೊಂಜೊ ಮತ್ತು ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೆ 2018ರ ನೊಬೆಲ್ ಬಂದಿದ್ದು. ಪೂರ್ತಿ ಡೋಸ್ ನಮ್ಮಂಥ ಸಣ್ಣ ಬೆಳೆಗಾರರಿಗೆ ತೋಟ ಮಾರುವ ಲೆಕ್ಕ. ಮುಂಬೈನ ಟಾಟಾ ಮೆಮೋರಿಯಲ್‌ನವರು ಹತ್ತನೇ ಒಂದು ಪಾಲಿಗಿಂತ ಕಡಿಮೆ, ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದ್ದಾರೆ. ತಲೆ ಮತ್ತು ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರ್‌ನಲ್ಲಿ, ಬರೀ ಕ್ಯಾನ್ಸರ್ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷ ಬದುಕಿದವರು ಶೇ. 16. ಇದೂ ಸೇರಿದಾಗ ಶೇ. 43. ಎಲ್ಲರಿಗೂ ಕೆಲಸ ಮಾಡುವುದಿಲ್ಲ ಅನ್ನೋದು ಆ ಅಂಕಿಯಲ್ಲೇ ಇದೆ. ಆದರೂ 16ಕ್ಕೂ 43ಕ್ಕೂ ಎಷ್ಟು ವ್ಯತ್ಯಾಸ!

ಚಿಕ್ಕಮ್ಮನಿಗೆ ಆ ಸಣ್ಣ ಡೋಸೇ ನಡೆಯುತ್ತಿದೆ. ಗಡ್ಡೆ ಕುಗ್ಗಿದೆ, ಹೋಗಿಲ್ಲ. ಬ್ರೇಕ್ ಬಿಟ್ಟ ಕಾವಲು ದಾರಿಯಲ್ಲಿ ಅವಳ ಥೈರಾಯ್ಡನ್ನೂ ಹೊಡೆದಿದೆ. ಈಗ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿ ಇಲ್ಲ. ಕ್ಯಾನ್ಸರ್ ಬಗ್ಗೆ ಅಷ್ಟು ಗೊಣಗದವಳು ಇದಕ್ಕೆ ದಿನಾ ಗೊಣಗುತ್ತಾಳೆ. "ನಮ್ಮದೇ ತೋಟ, ನಮ್ಮದೇ ಪುಡಿ, ಗಡಿಯಾರ ನೋಡ್ಕೊಂಡು ಕುಡೀಬೇಕಂತೆ!"