ಸೂಜಿ ತೂತು

ನೋಟು ಕಂಡರೆ ನನ್ನ ಹೆಬ್ಬೆರಳು ತಾನಾಗಿ ನಾಲಿಗೆಗೆ ಹೋಗುತ್ತದೆ. ಮೂವತ್ನಾಲ್ಕು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವನ ರೋಗ ಇದು. ಒಹಾಯೋದಲ್ಲಿರುವ ಮಗ ಹಳೇ ನಾಣ್ಯ, ನೋಟುಗಳ ಮೇಳಕ್ಕೆ ಕರೆದುಕೊಂಡು ಹೋದಾಗಲೂ ಹೋಯಿತು. ಮೇಜಿನಾಚೆ ಕೂತಿದ್ದ ವ್ಯಾಪಾರಿ ಎದೆ ಹಿಡಿದುಕೊಂಡ. ‘ಅಪ್ಪಾ, ಸುಮ್ನೆ ಕಣ್ಣಲ್ಲಿ ನೋಡಿ’ ಎಂದ ಮಗ. ನೋಟು ಹಿಡಿಯುವುದನ್ನು ಇವನು ನನಗೆ ಹೇಳಿಕೊಡಬೇಕಾ!

ಎದುರಿಗೆ ಎರಡು ಹತ್ತು ಡಾಲರ್ ನೋಟು. ಎರಡೂ 1902ರ ಸರಣಿ, ಎರಡರಲ್ಲೂ ಹಿಂದೆ ಅಮೆರಿಕದ ಅಧ್ಯಕ್ಷನಾಗಿದ್ದ ಮೆಕಿನ್ಲಿಯ ಮುಖ, ನೀಲಿ ಮುದ್ರೆ. ಒಂದಕ್ಕೆ ಹೇಳಿದ್ದರ ಹತ್ತು ಪಟ್ಟು ಇನ್ನೊಂದಕ್ಕೆ. ಯಾಕಯ್ಯಾ ಅಂದರೆ, ಆಗ ಅಮೆರಿಕದಲ್ಲಿ ಊರೂರಿನ ಬ್ಯಾಂಕುಗಳೂ ತಮ್ಮ ಹೆಸರಲ್ಲೇ ನೋಟು ಹೊರಡಿಸುತ್ತಿದ್ದವಂತೆ. ಮೊದಲನೆಯದು ಷಿಕಾಗೋದ ದೊಡ್ಡ ಬ್ಯಾಂಕಿನದು, ಬೇಕಾದಷ್ಟು ಸಿಗುತ್ತವಂತೆ. ಇನ್ನೊಂದು ಯಾವುದೋ ಪುಟ್ಟ ಊರಿನದು, ಉಳಿದಿರುವುದೇ ಮೂರೋ ನಾಲ್ಕೋ. ನಾನೂ ಪುಟ್ಟ ಊರುಗಳ ಶಾಖೆಯಲ್ಲೇ ಸರ್ವಿಸು ಮುಗಿಸಿದವನು. ನನಗೆ ಯಾರೂ ಹತ್ತು ಪಟ್ಟು ಕೊಡಲಿಲ್ಲ.

ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಸಹಿ. ವಾಷಿಂಗ್ಟನ್ನಿನಿಂದ ನೋಟು ಹಾಳೆ ಹಾಳೆಯಾಗಿಯೇ ಬರುತ್ತಿತ್ತು; ಸಹಿ ಹಾಕಿ ಕತ್ತರಿಸಿಕೊಳ್ಳುವುದು ಬ್ಯಾಂಕಿನವರ ಕೆಲಸ. ಅಂಚು ಓರೆ. ಮಾಸಿದ ಮಸಿಯಲ್ಲಿ ಕ್ಯಾಷಿಯರನ ಸಹಿ. 1929ರ ಚಿಕ್ಕ ನೋಟುಗಳಲ್ಲಿ ಸಹಿಯೂ ಅಚ್ಚಾಗಿಯೇ ಬಂತು, 1935ಕ್ಕೆ ಅವೂ ನಿಂತವು. ‘ಆಗೆಲ್ಲ ಇಲ್ಲಿ ಕ್ಯಾಷಿಯರ್ ಅಂದ್ರೆ ಬ್ಯಾಂಕು ನಡೆಸೋನು ಅಪ್ಪಾ’ ಎಂದು ಮಗ ಸಮಾಧಾನ ಹೇಳಿದ. ಆಗಲಿ. ನಾನು ಸಹಿ ಹಾಕಿದ್ದು ಚಲನ್ ಮೇಲೆ.

ಆಮೇಲೆ ವ್ಯಾಪಾರಿ ಪುಟ್ಟ ಊರಿನ ನೋಟನ್ನು ಬೆಳಕಿಗೆ ಹಿಡಿದ. ಮೂಲೆಯಲ್ಲಿ ಒಂದು ಸೂಜಿ ತೂತು. ಇದರಿಂದ ಬೆಲೆ ಸ್ವಲ್ಪ ಇಳಿದಿದೆ ಎಂದು ಮುಖ ಸಣ್ಣ ಮಾಡಿಕೊಂಡ.

ಸೂಜಿ ತೂತಿಗೆ! ನಾವು ನೂರು ನೋಟಿನ ಕಟ್ಟಿಗೆ ಪಿನ್ನು ಹೊಡೆಯುತ್ತಿದ್ದದ್ದನ್ನು ಇವನು ನೋಡಬೇಕಿತ್ತು. ದಪ್ಪ ತಂತಿಯ ಪಿನ್ನು. ಅಂಗೈಯಿಂದ ಗುದ್ದಿದರೇ ಇಳಿಯುವುದು. ಬಿಚ್ಚಲು ಸ್ಕ್ರೂಡ್ರೈವರ್. ಒಂದು ಸಂಬಳದ ದಿನ ಅದು ಉಗುರಿನೊಳಗೇ ಹೋಗಿ ಹತ್ತು ರೂಪಾಯಿ ಕಟ್ಟಿನ ತುಂಬ ರಕ್ತ. ಮ್ಯಾನೇಜರು ಓಡಿ ಬಂದರು. ಕಟ್ಟು ಎತ್ತಿಕೊಂಡು, ‘ಎಷ್ಟು ನೋಟು ಹಾಳಾಯ್ತ್ರೀ?’ ಎಂದರು. ಹನ್ನೊಂದು ಸಾರ್. ಬೆರಳಿನ ಮಾತೇ ಇಲ್ಲ. ಟಿಟಿ ಇಂಜೆಕ್ಷನ್ನಿನ ದುಡ್ಡೂ ನನ್ನದೇ. 2001ರಲ್ಲಿ ರಿಸರ್ವ್ ಬ್ಯಾಂಕು ಪಿನ್ನು ಬೇಡ, ಪಟ್ಟಿ ಸುತ್ತಿ ಎಂದಿತು. ನನ್ನ ಎಡ ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟಗೇ ಬೆಳೆಯುತ್ತದೆ.

ವ್ಯಾಪಾರಿ ಭೂತಗನ್ನಡಿ ಕೊಟ್ಟ. ನಾನು ಆ ತೂತನ್ನೇ ನೋಡುತ್ತ ಕೂತೆ.

‘ಷಿಕಾಗೋದ್ದೇ ತಗೊಳ್ಳೋಣ ಅಪ್ಪಾ, ತೂತಿಲ್ಲ’ ಎಂದ ಮಗ.