ಸತ್ಯಾಂಶ: ನಾಯಿ ಕೆಮ್ಮಿದರೆ ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದೇ ಅರ್ಥವಲ್ಲ

'ನಾಯಿ ಕೆಮ್ಮುತ್ತಿದ್ದರೆ ಗಂಟಲಲ್ಲಿ ಮೂಳೆ ಸಿಕ್ಕಿದೆ, ಅನ್ನದ ಉಂಡೆ ನುಂಗಿಸಿ, ಮಕ್ಕಳ ಕೆಮ್ಮಿನ ಸಿರಪ್ ಕೊಡಿ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಸಲಹೆ ಅಪಾಯಕಾರಿ.

ಮೂಳೆ ಸಿಕ್ಕಿಕೊಂಡರೆ ತೊಂದರೆ ತಟ್ಟನೆ ಶುರುವಾಗುತ್ತದೆ: ಜೊಲ್ಲು ಸುರಿಯುತ್ತದೆ, ನಾಯಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ಉಸಿರಿಗೆ ಒದ್ದಾಡುತ್ತದೆ. ಆಗ ಅನ್ನದ ಉಂಡೆ ತುರುಕಿದರೆ ಮೂಳೆ ಇನ್ನೂ ಒಳಕ್ಕೆ ಹೋಗಬಹುದು, ಅನ್ನ ಶ್ವಾಸನಾಳಕ್ಕೆ ಇಳಿಯಬಹುದು.

ಜನ ಮೂಳೆ ಎಂದುಕೊಳ್ಳುವುದು ಹೆಚ್ಚಾಗಿ ಕೆನಲ್ ಕಾಫ್, ಅಂದರೆ ನಾಯಿಯಿಂದ ನಾಯಿಗೆ ಹರಡುವ ಶ್ವಾಸನಾಳದ ಸೋಂಕು. ಒಣ ಕೆಮ್ಮು ಸರಣಿಯಾಗಿ ಬಂದು, ಕೊನೆಗೆ ಓಕರಿಸಿ ಬಿಳಿ ನೊರೆ ಉಗುಳುತ್ತದೆ. ನೋಡಿದವರಿಗೆ ಏನೋ ಸಿಕ್ಕಿದೆ ಅನಿಸುವುದು ಸಹಜ. ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ ವೈರಸ್ ಮುಖ್ಯ ಕಾರಣ. ನಾಯಿಗಳನ್ನು ನೋಡಿಕೊಳ್ಳುವ ಬೋರ್ಡಿಂಗ್‌ನಲ್ಲಿ ಬಿಟ್ಟು ಬಂದ 2ರಿಂದ 14 ದಿನಗಳಲ್ಲಿ ಕಾಣಿಸಿಕೊಳ್ಳಬಹುದು. ಊಟ, ಆಟ ಸರಿಯಿದ್ದರೆ ಸಾಮಾನ್ಯವಾಗಿ 1ರಿಂದ 3 ವಾರಗಳಲ್ಲಿ ವಾಸಿ; ಅಲ್ಲಿಯವರೆಗೆ ಬೇರೆ ನಾಯಿಗಳಿಂದ ದೂರವಿಡಿ.

ಪಾಮೇರಿಯನ್‌ನಂಥ ಪುಟ್ಟ ತಳಿಗಳು ಕಾಲರ್ ಎಳೆದಾಗ ಬಾತುಕೋಳಿಯ ಹಾಗೆ ಸದ್ದು ಮಾಡಿದರೆ ಶ್ವಾಸನಾಳ ಕುಸಿಯುತ್ತಿರಬಹುದು. ಕಾಲರ್ ಬಿಟ್ಟು ಎದೆಪಟ್ಟಿ ಹಾಕಿ.

ವಯಸ್ಸಾದ ನಾಯಿ ರಾತ್ರಿ ಕೆಮ್ಮಿದರೆ ಹೃದಯದ ಕಡೆ ಗಮನವಿರಲಿ. ಗಾಢ ನಿದ್ರೆಯಲ್ಲಿ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ; ಒಮ್ಮೆ ಏರಿ ಇಳಿದರೆ ಒಂದು. ಮತ್ತೆ ಮತ್ತೆ ಎಣಿಸಿದಾಗಲೂ 30 ದಾಟುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಲಸಿಕೆಯಾಗದ ಮರಿಗೆ ಕೆಮ್ಮಿನ ಜೊತೆ ಜ್ವರ, ಕಣ್ಣು ಮೂಗಿನಲ್ಲಿ ಕೀವು ಇದ್ದರೆ ಡಿಸ್ಟೆಂಪರ್ ಎಂಬ ವೈರಸ್ ರೋಗ ಇರಬಹುದು. ಅದು ಮಾರಕ.

ಇನ್ನು ಸಿರಪ್. ಕೆಲವದರಲ್ಲಿರುವ ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ. ಸಿಹಿಗೆ ಹಾಕುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸುತ್ತದೆ. ಒಸಡು ನೀಲಿಯಾದರೆ ಮನೆಮದ್ದಿಗೆ ಸಮಯವಿಲ್ಲ, ತಕ್ಷಣ ಪಶು ಆಸ್ಪತ್ರೆಗೆ ಹೊರಡಿ.